ಟೆಸ್ಟಿಂಗ್ ಲ್ಯಾಬಿನಲ್ಲಿ ಮಕ್ಕಳ ಕೈಗೆ ಏನು ಕೊಡಲಿ? ಅನುಭವ ಇರುವವರು ಹೇಳಿ

ಮಂಡ್ಯದ ಅತಿಥಿ ಉಪನ್ಯಾಸಕಿ: ಬಿಸಿಎ ಕೊನೆಯ ವರ್ಷಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಪಾಠ ಬಂದಿದೆ. 42 ಮಕ್ಕಳು, 16 ಕಂಪ್ಯೂಟರ್. ಇದುವರೆಗೆ ನೋಟ್ಸ್ ಬರೆಸಿದ್ದೇ ಪಾಠ. ಕೈಯಾರೆ ಮಾಡಿಸಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ?

ಕುವೆಂಪುನಗರದ ಮೇಷ್ಟ್ರು: ಬ್ರೌಸರನ್ನು ತಾನೇ ಓಡಿಸಿ ಟೆಸ್ಟ್ ಮಾಡುವ ಸೆಲೆನಿಯಮ್ ಎಂಬ ಸಾಧನದಿಂದ ಆರಂಭಿಸಿ ನಾನು ಕೆಟ್ಟೆ ಮೇಡಂ. ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ಕ್ರೋಮ್ ತಾನಾಗಿಯೇ ಹೊಸ ಆವೃತ್ತಿಗೆ ಹೋಗಿ ಕುಳಿತಿತ್ತು, ಅದನ್ನು ಸೆಲೆನಿಯಮ್‌ಗೆ ಜೋಡಿಸುವ ಡ್ರೈವರ್ ತಂತ್ರಾಂಶ ಹಳೆಯದು. ಬೆಳಿಗ್ಗೆ 22 ಯಂತ್ರಗಳಲ್ಲೂ ಒಂದೇ ಕೆಂಪು ಸಾಲು. ಪೆನ್‌ಡ್ರೈವ್ ಹಿಡಿದು ನಾನು ಓಡಾಡುತ್ತಿದ್ದರೆ ಹೊರಗಿನ ಪರೀಕ್ಷಕರು ಕೈಕಟ್ಟಿ ನೋಡುತ್ತಿದ್ದರು. ಅದಕ್ಕೂ ಮೊದಲು ಸ್ವಂತ ಹಣದಲ್ಲಿ ನಾಲ್ಕು ರ‍್ಯಾಮ್‌ಗೆ 4,600, ಮುದ್ರಣಕ್ಕೆ 340, ಮೌಸು, ಕೇಬಲ್ಲು ಎಂದು 1,400. ಒಟ್ಟು 6,340 ರೂಪಾಯಿ. ಬಿಲ್ ಕೊಟ್ಟು ಎರಡು ವರ್ಷವಾಯಿತು, ಇನ್ನೂ ‘ಪರಿಶೀಲನೆಯಲ್ಲಿದೆ’.

ಹೆಬ್ಬಾಳದ ಟೆಸ್ಟರ್: ಮೇಷ್ಟ್ರೇ, ಸರಿಯಾದ ಡ್ರೈವರನ್ನು ಸೆಲೆನಿಯಮ್ ತಾನೇ ಹುಡುಕಿ ಇಳಿಸಿಕೊಳ್ಳುತ್ತದೆ, 2022ರಲ್ಲಿ ಬಂದ 4.6ನೇ ಆವೃತ್ತಿಯಿಂದ. ಓದದೆ ದೂರಬೇಡಿ. ಕಾಲೇಜಿನಲ್ಲಿ ಆಟೊಮೇಷನ್ (ಹೀಗೆ ಪ್ರೋಗ್ರಾಮಿನಿಂದಲೇ ಟೆಸ್ಟ್ ಮಾಡಿಸುವುದು) ಹೇಳಿಕೊಡಲಿಲ್ಲವೆಂದು ಎರಡು ಸಂದರ್ಶನಗಳಲ್ಲಿ ಬಾಗಿಲು ತೋರಿಸಿಕೊಂಡವನು ನಾನು.

ಕುವೆಂಪುನಗರದ ಮೇಷ್ಟ್ರು: ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕಲ್ಲ ಸ್ವಾಮಿ? ಪರೀಕ್ಷೆಯ ದಿನ ಲ್ಯಾಬಿನ ಸಂಪರ್ಕವನ್ನೇ ಕಿತ್ತಿರುತ್ತಾರೆ. ಎ.ಸಿ. ಕೊಠಡಿಯವರಿಗೆ ಇದೆಲ್ಲಿ ತಿಳಿಯಬೇಕು!

ನಿವೃತ್ತ ಉಪನ್ಯಾಸಕಿ, ಮಂಡ್ಯ: ನಾನು ಆಟೊಮೇಷನ್ ಮುಟ್ಟಿಸಲೇ ಇಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನಮೂದಿಸುವ ಪುಟ್ಟ ಫಾರ್ಮ್ ಬರೆದೆ. ಗರಿಷ್ಠ 124.80 ಅಡಿ. ಬೇಕೆಂದೇ ಏಳು ತಪ್ಪು ಹುದುಗಿಸಿದೆ. 124.79, 124.80, 124.81 ಎಂದು ಗಡಿಯಲ್ಲೇ ತಡಕಾಡಿದ ಮಕ್ಕಳು ಹನ್ನೊಂದು ಹುಡುಕಿದರು! ಒಬ್ಬಳು ಕನ್ನಡ ಅಂಕಿಯಲ್ಲಿ ‘೧೨೪’ ಎಂದು ಹಾಕಿ ಪ್ರೋಗ್ರಾಮನ್ನೇ ಮಲಗಿಸಿದಳು. ಸೋತದ್ದು ದೋಷ ವರದಿಯಲ್ಲಿ. ‘ಕೆಲಸ ಮಾಡುತ್ತಿಲ್ಲ ಮಿಸ್’ ಎಂಬುದನ್ನು ದಾಟಲು ಐದು ವಾರ ಹಿಡಿಯಿತು. ಕೊನೆಗೆ ವರದಿಯನ್ನು ಪಕ್ಕದ ಬೆಂಚಿಗೆ ಕೊಡಿಸಿದೆ. ಅದನ್ನು ಓದಿ ಅದೇ ತಪ್ಪು ಮತ್ತೆ ಬರುವಂತೆ ಅವರಿಂದ ಮಾಡಲಾಗದಿದ್ದರೆ ವರದಿ ಬರೆದವನಿಗೆ ಸೊನ್ನೆ. ಪೋಷಕರೊಬ್ಬರು ಪ್ರಾಂಶುಪಾಲರಿಗೆ ದೂರು ಕೊಟ್ಟರು. ಕೊಡಲಿ.

ಹೆಬ್ಬಾಳದ ಟೆಸ್ಟರ್: 124.81 ಎಲ್ಲಿ ಬರುತ್ತದೆ ಮೇಡಂ? ಅಷ್ಟರೊಳಗೆ ಗೇಟು ತೆಗೆದಿರುತ್ತಾರೆ.

ನಿವೃತ್ತ ಉಪನ್ಯಾಸಕಿ, ಮಂಡ್ಯ: ಕಟ್ಟೆಯಲ್ಲಿ ಬರುವುದಿಲ್ಲ, ಟೈಪು ಮಾಡುವವನ ಬೆರಳಲ್ಲಿ ಬರುತ್ತದೆ. ಟೆಸ್ಟರ್ ಎಂದು ಹೆಸರಿಟ್ಟುಕೊಂಡು ಇದನ್ನು ಕೇಳುತ್ತೀರಲ್ಲ!

ಪಾಂಡವಪುರದ ರೈತ: ಕಟ್ಟೆಯ ಮಾತು ಬಂದದ್ದರಿಂದ ಕೇಳುತ್ತೇನೆ, ವಿಶ್ವೇಶ್ವರಯ್ಯ ನಾಲೆಗೆ ನೀರು ಯಾವಾಗ ಬಿಡುತ್ತಾರೆ?

ಮಂಡ್ಯದ ಅತಿಥಿ ಉಪನ್ಯಾಸಕಿ: 16 ಕಂಪ್ಯೂಟರಿಗೆ 42 ಮಕ್ಕಳು ಎಂದಿದ್ದೆ, ಅದನ್ನು ಯಾರೂ ಹೇಳಲಿಲ್ಲ. ಇರಲಿ. ಮಿಸ್, ಆ ಕಟ್ಟೆಯ ಫಾರ್ಮ್ ನನಗೂ ಕಳುಹಿಸುವಿರಾ? ತಪ್ಪುಗಳ ಪಟ್ಟಿ ಬೇಡ.