ಪದಚರ್ಚೆ: ‘ಮಾದರಿ’ ಅಂದರೆ ಸ್ಯಾಂಪಲ್ಲೋ, ಮಾಡೆಲ್ಲೋ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ವಿಜ್ಞಾನದ ಹೊಸ ಸುದ್ದಿಗಳನ್ನು ಕನ್ನಡದಲ್ಲಿ ಬರೆಯುತ್ತಿರುತ್ತೇನೆ. ಒಮ್ಮೆ ಆಕಾಶದ್ದು, ಒಮ್ಮೆ ಜೀವಕೋಶದ್ದು, ಇನ್ನೊಮ್ಮೆ ಮಳೆಯದ್ದು. ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಆದರೆ ‘ಮಾದರಿ’ ಎಂಬ ಪದ ಎಲ್ಲ ಕಡೆಯೂ ಬಂದು ಕೂರುತ್ತದೆ, ಒಂದೊಂದು ಕಡೆ ಒಂದೊಂದು ಅರ್ಥದಲ್ಲಿ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಎರಡು ಉದಾಹರಣೆ ಕೊಡುತ್ತೇನೆ. 2023ರ ಸೆಪ್ಟೆಂಬರ್ 24ರಂದು ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದ ಕಲ್ಲುಪುಡಿಯನ್ನು ಅಮೆರಿಕದ ಯೂಟಾ ಮರುಭೂಮಿಗೆ ಇಳಿಸಿತು. ಒಟ್ಟು 121.6 ಗ್ರಾಂ. 2025ರ ಜನವರಿಯಲ್ಲಿ ಅದರ ಪರೀಕ್ಷೆಯ ಫಲಿತಾಂಶ ಬಂತು. ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಆ ಪುಡಿಯಲ್ಲಿದ್ದವು. ಜೀವಿಗಳ ಆನುವಂಶಿಕ ಮಾಹಿತಿ ಹೊತ್ತ ಡಿಎನ್‌ಎ, ಆರ್‌ಎನ್‌ಎಗಳನ್ನು ಕಟ್ಟಲು ಬೇಕಾದ, ಬೇಸ್ ಎಂಬ ಐದು ರಾಸಾಯನಿಕಗಳೂ ಇದ್ದವು. ಜೀವವೇ ಇಲ್ಲದ ಒಂದು ಬಂಡೆಯಲ್ಲಿ ಇಷ್ಟೆಲ್ಲ! ಇದನ್ನು ‘ಬೆನ್ನುವಿನ ಮಾದರಿ’ ಅಂತ ಬರೆದೆ. ಯಾರಿಗೂ ತೊಡಕಾಗಲಿಲ್ಲ. (‘ಬೆನ್ನಿನ’ ಅಂತ ಬರೆದರೆ ಮೈಯ ಬೆನ್ನಾಗುತ್ತದೆ. ಇದು ಈಜಿಪ್ಟಿನ ಪುರಾಣದ ಹಕ್ಕಿಯ ಹೆಸರು, ಹಾಗಾಗಿ ‘ಬೆನ್ನುವಿನ’ ಅನ್ನುವುದೇ ಸರಿ ಅಂತ ನನ್ನ ಅನಿಸಿಕೆ.)

ಅದೇ 2023ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಿಂದ ಇನ್ನೊಂದು ಸುದ್ದಿ ಬಂದಿತ್ತು. ಅಂಡಾಣು ಇಲ್ಲ, ವೀರ್ಯಾಣು ಇಲ್ಲ, ಗರ್ಭಕೋಶ ಇಲ್ಲ. ಬರೀ ಕಾಂಡಕೋಶಗಳಿಂದ (ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು, ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್), 14 ದಿನದ ಮನುಷ್ಯ ಭ್ರೂಣವನ್ನು ಹೋಲುವ ರಚನೆಯೊಂದನ್ನು ಅಲ್ಲಿನ ವಿಜ್ಞಾನಿಗಳು ಬೆಳೆಸಿದ್ದರು. ಅದು ಹೊರಸೂಸಿದ ಹಾರ್ಮೋನಿನಿಂದ ಗರ್ಭಪರೀಕ್ಷೆಯ ಕಿಟ್ ಕೂಡ ಪಾಸಿಟಿವ್ ತೋರಿಸಿತು. ಇಂಗ್ಲಿಷಿನಲ್ಲಿ ಇದನ್ನು ಎಂಬ್ರಿಯೋ ಮಾಡೆಲ್ ಅಂತಾರೆ. ಕನ್ನಡದಲ್ಲಿ ‘ಮಾನವ ಭ್ರೂಣದ ಮಾದರಿ’ ಅಂತ ಬರೆದರೆ ಓದುವವರಿಗೆ ಏನನ್ನಿಸಬೇಕು? ಯಾವುದೋ ತಾಯಿಯ ಗರ್ಭದಿಂದ ತೆಗೆದ ಭ್ರೂಣದ ತುಣುಕು ಅಂತಲೇ ಅಲ್ವಾ? ಆದರೆ ಆ ಕೆಲಸದ ಹೆಚ್ಚುಗಾರಿಕೆ ಇರುವುದೇ ಅಲ್ಲಿರುವುದು ಭ್ರೂಣವಲ್ಲ ಎಂಬುದರಲ್ಲಿ. ನಿಜವಾದ ಮನುಷ್ಯ ಭ್ರೂಣವನ್ನು ಪ್ರಯೋಗಾಲಯದಲ್ಲಿ 14 ದಿನ ದಾಟಿ ಬೆಳೆಸಲು ಹಲವು ದೇಶಗಳಲ್ಲಿ ಅನುಮತಿ ಇಲ್ಲ. ಅದಕ್ಕೇ ಈ ದಾರಿ ಹುಡುಕಿದ್ದು. ಪದವೊಂದು ತಪ್ಪು ದಿಕ್ಕಿಗೆ ತಿರುಗಿದರೆ ವಿಜ್ಞಾನಿಗಳು ಮಾಡದ ಕೆಲಸವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ. ನನಗೆ ಚಿಂತೆ ಇರುವುದು ಇದರದ್ದೇ.

ಸ್ಯಾಂಪಲ್ ಅಂದರೆ ಆ ವಸ್ತುವಿನದ್ದೇ ಒಂದು ಚೂರು. ಅನ್ನ ಬೆಂದಿದೆಯಾ ಅಂತ ಹಿಚುಕಿ ನೋಡುವ ಅಗುಳಿನ ಹಾಗೆ. ಮಾಡೆಲ್ ಅಂದರೆ ಆ ವಸ್ತುವಲ್ಲ, ಅದರ ಬದಲಿಗೆ ನಾವು ಮಾಡಿಕೊಂಡದ್ದು. ಹೀಗೆ ಎದುರುಬದುರಾಗಿ ನಿಂತ ಎರಡಕ್ಕೂ ನಮ್ಮಲ್ಲಿ ಒಂದೇ ಪದ.

ಬಳಕೆಯಲ್ಲಿ ಎರಡೂ ಗಟ್ಟಿಯಾಗಿ ಬೇರೂರಿವೆ. ಹೊಲದಲ್ಲಿ ಅಲ್ಲಲ್ಲಿ ‘ವಿ’ ಆಕಾರದ ಗುಂಡಿ ತೋಡಿ, ಸುಮಾರು ಆರು ಇಂಚಿನ ಆಳದವರೆಗಿನ ಮಣ್ಣು ಕೆರೆದು, ಎಲ್ಲ ಬೆರೆಸಿ, ಕೊನೆಗೆ ಅರ್ಧ ಕಿಲೋ ಉಳಿಸಿ ಪರೀಕ್ಷೆಗೆ ಕಳಿಸುತ್ತಾರೆ. ಅದು ‘ಮಣ್ಣಿನ ಮಾದರಿ’. ಕೊರೊನಾ ಕಾಲದಲ್ಲಿ ದಿನಾ ಓದಿದ್ದು ‘ಗಂಟಲು ದ್ರವದ ಮಾದರಿ’. ಇನ್ನೊಂದು ಕಡೆ ಚುನಾವಣೆ ಬಂದರೆ ‘ಮಾದರಿ ನೀತಿ ಸಂಹಿತೆ’, ಊರಿಗೊಂದು ‘ಮಾದರಿ ಶಾಲೆ’, ‘ಅವರ ಬದುಕೇ ನಮಗೆ ಮಾದರಿ’. ತಮಿಳಿನ ‘ಇಂದ ಮಾದಿರಿ’ಯಲ್ಲಿರುವ ‘ಈ ಥರ’ ಎಂಬ ಅರ್ಥವೂ ನಮ್ಮಲ್ಲಿದೆ: ‘ಈ ಮಾದರಿಯ ಕಾರು’. ದಿನನಿತ್ಯದ ಮಾತಿನಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ವಿಜ್ಞಾನದ ಸುದ್ದಿಯಲ್ಲಿ ಸಂದರ್ಭವೇ ಹೊಸದು, ಓದುಗರಿಗೆ ಹಿಡಿದುಕೊಳ್ಳಲು ಬೇರೇನೂ ಇರುವುದಿಲ್ಲ.

‘ನಮೂನೆ’ ಬಳಸಿ ಅಂತ ಕೆಲವರು ಹೇಳಿದರು. ಆದರೆ ಅದು ಸರ್ಕಾರಿ ಫಾರಂ ಆಗಿಬಿಟ್ಟಿದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ‘ನಮೂನೆ 6’ ತುಂಬುತ್ತೇವಲ್ಲ, ಅದು. ಜೊತೆಗೆ ‘ನಮೂನೆ ನಮೂನೆ ತಿಂಡಿ’ ಬೇರೆ ಇದೆ. ‘ಪ್ರತಿರೂಪ’ ಭ್ರೂಣದ ಸುದ್ದಿಗೆ ಹೊಂದುತ್ತದೆ, ಹವಾಮಾನಕ್ಕೆ ಹೊಂದುವುದಿಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಹವಾಮಾನ ಇಲಾಖೆ ಭಾರತ್ ಮುನ್ಸೂಚನಾ ವ್ಯವಸ್ಥೆ ಶುರುಮಾಡಿತು. ಇದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹವಾಮಾನದ ಮುನ್ಸೂಚನೆ ಕೊಡುವ ಮಾಡೆಲ್. ಮೊದಲು 12 ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುತ್ತಿದ್ದದ್ದು ಈಗ 6 ಕಿಲೋಮೀಟರಿಗೆ ಇಳಿದಿದೆ. ಇದನ್ನು ‘ವಾತಾವರಣದ ಪ್ರತಿರೂಪ’ ಅಂದರೆ ಯಾರಿಗೂ ತಲುಪುವುದಿಲ್ಲ. ‘ಲೆಕ್ಕದ ಮಾದರಿ’ ಅಂದರೆ ಪರವಾಗಿಲ್ಲ. ಇಂಗ್ಲಿಷಿನ ಮೌಸ್ ಮಾಡೆಲ್‌ಗೆ ‘ಇಲಿ ಮಾದರಿ’ಯಂತೂ ಬೇಡವೇ ಬೇಡ. ‘ಆ ಕಾಯಿಲೆ ಬರುವಂತೆ ಬೆಳೆಸಿದ ಇಲಿ’ ಅಂತ ಬಿಡಿಸಿ ಬರೆಯುವುದು ವಾಸಿ. ಕಣ ವಿಜ್ಞಾನದ ಸ್ಟ್ಯಾಂಡರ್ಡ್ ಮಾಡೆಲ್ ಒಂದು ಸಿದ್ಧಾಂತ, ಅದನ್ನು ಹಾಗೇ ಬಿಡಬಹುದು.

ಸದ್ಯಕ್ಕೆ ನನ್ನ ಒಲವು ಹೀಗಿದೆ. ‘ಮಾದರಿ’ಯನ್ನು ಸ್ಯಾಂಪಲ್ಲಿಗೇ ಉಳಿಸಿಕೊಳ್ಳೋಣ, ರೈತರಿಗೂ ರೋಗಿಗಳಿಗೂ ಅದು ಆಗಲೇ ಗೊತ್ತು. ಮಾಡೆಲ್ ಬಂದಾಗ ಎಲ್ಲ ಕಡೆಗೂ ಒಂದೇ ಪದ ಹುಡುಕದೆ, ಅದು ಏನು ಕೆಲಸ ಮಾಡುತ್ತದೆ ಅಂತ ನೋಡಿ ಬರೆಯೋಣ. ಪದ ಜಾಸ್ತಿ ಆದರೂ ಚಿಂತೆಯಿಲ್ಲ. ಇದಕ್ಕೆ ಒಪ್ಪದವರು ದಯವಿಟ್ಟು ಕಾರಣ ಹೇಳಿ.

ಇನ್ನೊಂದು ಕೇಳಬೇಕು. ಮಂಡಿಯಲ್ಲಿ ದಲ್ಲಾಳಿಗಳು ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುತ್ತಾರಲ್ಲ, ಆ ಕಾಳಿಗೆ ನಿಮ್ಮ ಕಡೆ ಏನಂತಾರೆ? ರಾಯಚೂರು, ದಾವಣಗೆರೆ, ಶಿವಮೊಗ್ಗ ಕಡೆಯವರು ಮಂಡಿಯಲ್ಲಿ ಕೇಳಿ ತಿಳಿಸಿದರೆ ತುಂಬಾ ಉಪಕಾರ.