ಬಿಯರ್ ಕಿಟ್: ಮೊದಲ ಸಲ ಬಾಟಲಿ ಒಡೆಯಿತು, ಊರಲ್ಲಿ ಇನ್ನೊಮ್ಮೆ ಮಾಡಬಹುದಾ?

ಪೆರ್ಲದವ

ಎಲ್ಲರಿಗೂ ನಮಸ್ಕಾರ. ಊರು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ. ಮೂರು ವರ್ಷದಿಂದ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಕೆಲಸ. ತಂಗಿಯ ಮದುವೆ ಅಂತ ಎರಡು ತಿಂಗಳ ರಜೆಯಲ್ಲಿ ಬಂದಿದ್ದೇನೆ.

ಕಳೆದ ಜುಲೈಯಲ್ಲಿ ಅಲ್ಲಿ ಮೊದಲ ಸಲ ಕಿಟ್ ತಂದು ಬಿಯರ್ ಮಾಡಿದೆ. 1.7 ಕೆ.ಜಿ. ಮಾಲ್ಟ್ ಪಾಕದ ಡಬ್ಬ, 1 ಕೆ.ಜಿ. ಸಕ್ಕರೆ, ನೀರು ಸೇರಿಸಿ 23 ಲೀಟರ್, ಮೇಲಿಂದ ಯೀಸ್ಟ್ ಪ್ಯಾಕೆಟ್. ಚೀಟಿಯಲ್ಲಿ ಬರೆದ ಹಾಗೆಯೇ ಮಾಡಿದೆ. ಬಕೆಟ್ ಗ್ಯಾರೇಜಿನಲ್ಲಿತ್ತು. ಏಳನೇ ದಿನ ಏರ್‌ಲಾಕಿನ (ಒಳಗಿನ ಗ್ಯಾಸ್ ಹೊರಬಿಡುವ ಮುಚ್ಚಳದ ಕೊಳವೆ) ಗುಳ್ಳೆ ನಿಂತಿತು. ಮುಗಿಯಿತು ಅಂತ, ನೊರೆ ಬರಲು ಸ್ವಲ್ಪ ಸಕ್ಕರೆ ಹಾಕಿ ಬಾಟಲಿಗೆ ತುಂಬಿಸಿ, ಮನೆಯೊಳಗೆ ಹೀಟರ್ ಹತ್ತಿರದ ಕಪಾಟಿನಲ್ಲಿ ಇಟ್ಟೆ. ಎರಡು ವಾರ ಕಳೆದು ಒಂದು ರಾತ್ರಿ ಒಂದು ಬಾಟಲಿ ಒಡೆಯಿತು. ಬೆಳಗಾಗುವಾಗ ಇನ್ನೆರಡು. ಉಳಿದದ್ದನ್ನು ತೆರೆದರೆ ಅರ್ಧ ನೊರೆಯಾಗಿ ಹೊರಗೆ. ರುಚಿ ಹಸಿ ಸೇಬಿನ ಹಾಗೆ, ಕೊನೆಗೆ ಸ್ವಲ್ಪ ಹುಳಿ.

ಒಂದು ಡಬ್ಬ ಸೂಟ್‌ಕೇಸಿನಲ್ಲಿ ಊರಿಗೂ ತಂದಿದ್ದೇನೆ. ಇಲ್ಲಿ ಈಗ ಏಪ್ರಿಲ್ ಸೆಕೆ, ಬೇಗ ಹುದುಗುತ್ತದೆ ಅಲ್ವಾ? ಇಲ್ಲೇ ಮಾಡಿ ನೋಡಲಾ? ಮೊದಲ ಸಲ ಎಲ್ಲಿ ತಪ್ಪಿತು ಅಂತಲೂ ಯಾರಾದರೂ ಹೇಳಿ.

ನೀರ್ಚಾಲು ತೋಟ

ತಮ್ಮಾ, ಮೊದಲು ಇದನ್ನು ಓದು. ಇಲ್ಲಿ ಮಾಡಬೇಡ. ಕೇರಳದ ಅಬ್ಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸೆಕ್ಷನ್ 55 ನೋಡು. 10 ವರ್ಷದವರೆಗೆ ಜೈಲು, 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಮನೆ ಖರ್ಚಿಗೆ ಮಾತ್ರ ಮಾಡಿದ್ದು ಅಂದರೆ ನಡೆಯುವುದಿಲ್ಲ. ಗಡಿ ದಾಟಿ ವಿಟ್ಲದಲ್ಲಿ ನೆಂಟರ ಮನೆಯಲ್ಲಿ ಮಾಡುತ್ತೇನೆ ಅಂದರೂ ಅಷ್ಟೇ, ಕರ್ನಾಟಕದಲ್ಲೂ ಲೈಸೆನ್ಸ್ ಬೇಕು. ಬ್ರಿಟನ್‌ನಲ್ಲಿ ಮನೆಯ ಬಿಯರಿಗೆ ಲೈಸೆನ್ಸ್ ಬೇಕಿಲ್ಲ ಅಂತ 1963ರಲ್ಲೇ ಮಾಡಿದರು. ನಿನ್ನ ನ್ಯೂಜಿಲೆಂಡಿನಲ್ಲೂ ಸ್ವಂತಕ್ಕೆ ಮಾಡಬಹುದು. ಅಲ್ಲಿ ಮಾಡು, ನೆಮ್ಮದಿಯಾಗಿ ಮಾಡು.

ನಾನು ಸ್ಕಾಟ್ಲೆಂಡಿನಲ್ಲಿ ಒಂಬತ್ತು ವರ್ಷ ಇದ್ದೆ. ತಿಂಗಳಿಗೆ ಒಂದು ಕಿಟ್ ಮಾಡುತ್ತಿದ್ದೆ. ಈಗ ಅಡಿಕೆ ತೋಟ ನೋಡಿಕೊಂಡು ಊರಲ್ಲಿದ್ದೇನೆ, ಬಿಯರ್ ಮಾಡುವುದು ಬಿಟ್ಟಾಯಿತು. ಆದರೆ ಆ ಕೆಲಸದ ಮೇಲಿನ ಪ್ರೀತಿ ಹೋಗಿಲ್ಲ. ಅದಕ್ಕೇ ಉದ್ದ ಬರೆಯುತ್ತೇನೆ.

ನಿನ್ನ ಬಿಯರ್ ಹುದುಗಿ ಮುಗಿದಿರಲಿಲ್ಲ. ನಮಗೆ ಜುಲೈ ಅಂದರೆ ಮಳೆ, ಅಲ್ಲಿ ಜುಲೈ ಅಂದರೆ ಚಳಿಗಾಲ. ಕಿಟ್‌ನ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು. ಗ್ಯಾರೇಜಿನ ಚಳಿಗೆ ಅದು ಕೆಲಸ ನಿಲ್ಲಿಸಿ ತಳದಲ್ಲಿ ಕೂತಿತು. ಗುಳ್ಳೆ ನಿಂತದ್ದು ಅದಕ್ಕೆ. ಸಕ್ಕರೆ ಇನ್ನೂ ಉಳಿದಿತ್ತು. ನೀನು ಬಾಟಲಿಗೆ ಮತ್ತೆ ಸಕ್ಕರೆ ಹಾಕಿ ಬೆಚ್ಚಗಿನ ಜಾಗದಲ್ಲಿ ಇಟ್ಟೆ. ಯೀಸ್ಟ್ ಎದ್ದಿತು, ಮುಚ್ಚಿದ ಬಾಟಲಿಯೊಳಗೆ ಗ್ಯಾಸ್ ತುಂಬಿತು. ಒಡೆಯದೆ ಇನ್ನೇನಾಗುತ್ತದೆ? ರಾತ್ರಿ ಒಡೆದದ್ದು ಪುಣ್ಯ. ಕೈಯಲ್ಲಿ ಹಿಡಿದಾಗ ಒಡೆದಿದ್ದರೆ ಕಣ್ಣು ಹೋಗುತ್ತಿತ್ತು. ಹಸಿ ಸೇಬಿನ ರುಚಿಯೂ ಅರ್ಧಕ್ಕೆ ನಿಂತದ್ದರ ಗುರುತೇ. ಯೀಸ್ಟಿಗೆ ಸಮಯ ಕೊಟ್ಟರೆ ಆ ರುಚಿಯನ್ನು ಅದೇ ತೆಗೆಯುತ್ತದೆ.

ಗುಳ್ಳೆಯನ್ನು ನಂಬಬೇಡ. ಹೈಡ್ರೋಮೀಟರ್ ತಗೋ, ಎಷ್ಟು ಸಕ್ಕರೆ ಉಳಿದಿದೆ ಅಂತ ದ್ರವದ ಸಾಂದ್ರತೆಯಿಂದ ತೋರಿಸುವ ಕಡ್ಡಿ ಅದು. ಶುರುವಿನಲ್ಲಿ 1.040 ಹತ್ತಿರ ತೋರಿಸುತ್ತದೆ, ಮುಗಿಯುವಾಗ 1.010 ಆಸುಪಾಸು. ಎರಡು ದಿನ ಬಿಟ್ಟು ಎರಡು ಸಲ ನೋಡು. ಎರಡೂ ಸಲ ಒಂದೇ ಅಂಕೆ, ಅದೂ ಕೆಳಗಿನ ಅಂಕೆ ಬಂದರೆ ಮಾತ್ರ ಬಾಟಲಿ. 1.020ರಲ್ಲಿ ನಿಂತಿದ್ದರೆ ಬಕೆಟನ್ನು ಬೆಚ್ಚಗಿನ ಕೋಣೆಗೆ ತಂದು ಮೆಲ್ಲ ಅಲ್ಲಾಡಿಸಿ ಕಾಯಬೇಕು. ಬಾಟಲಿಗೆ ಹಾಕುವ ಸಕ್ಕರೆ ಲೀಟರಿಗೆ 8 ಗ್ರಾಂ ಮೀರಬಾರದು. 750 ಎಂ.ಎಲ್. ಬಾಟಲಿಗೆ 6 ಗ್ರಾಂ ಆಯಿತು.

ಇನ್ನು ಆ ಹುಳಿ. ನನಗೂ ಸಾಲಾಗಿ ಮೂರು ಸಲ ಹುಳಿ ಬಂದಿತ್ತು. ಬಕೆಟ್ ತೊಳೆದೆ, ಮುಚ್ಚಳ ತೊಳೆದೆ, ಕೊಳವೆ ಹೊಸತು ತಂದೆ. ಏನು ಮಾಡಿದರೂ ಹುಳಿಯೇ. ಕೊನೆಗೆ ಬಕೆಟಿನ ಕೆಳಗಿನ ನಳ್ಳಿಯನ್ನು ತಿರುಗಿಸಿ ಕಳಚಿದೆ. ರಬ್ಬರ್ ಬಳೆಯ ಹಿಂದೆ ಕಂದು ಬಣ್ಣದ ಲೋಳೆ, ಬೆರಳಿಗೆ ಅಂಟುವಷ್ಟು. ಪ್ರತಿ ಸಲವೂ ಬಿಯರ್ ಅದನ್ನು ದಾಟಿಯೇ ಬಾಟಲಿಗೆ ಹೋಗುತ್ತಿತ್ತು. ನೀನೂ ನಳ್ಳಿ ಕಳಚಿ ನೋಡು. ಮೊದಲು ಸೋಪು ಹಾಕಿ ಉಜ್ಜಿ ತೊಳೆ, ಆಮೇಲೆ ತೊಳೆಯಬೇಕಿಲ್ಲದ ಸ್ಯಾನಿಟೈಸರಿನಲ್ಲಿ ಮುಳುಗಿಸು. ಕೊಳೆ ಇದ್ದಲ್ಲಿ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ.

ಸೆಕೆಯಲ್ಲಿ ಬೇಗ ಆಗುವುದು ನಿಜ. ಆದರೆ 30 ಡಿಗ್ರಿ ದಾಟಿದರೆ ಬಾಳೆಹಣ್ಣಿನ ವಾಸನೆ, ಗಂಟಲು ಸುಡುವ ಖಾರ. ಬೇಗ ಆದದ್ದು ಒಳ್ಳೆಯದಾಗುವುದಿಲ್ಲ.

ಕುಂಬಳೆ ಕಡಲು

ನೀರ್ಚಾಲಿನ ಅಣ್ಣ ಹೇಳಿದ್ದು ಸರಿ. ನಮ್ಮ ಚಿಕ್ಕಪ್ಪ ಲೈಸೆನ್ಸಿನಲ್ಲಿ ಮೂರ್ತೆ (ಮರದಿಂದ ಕಳ್ಳು ಇಳಿಸುವ ಕೆಲಸ) ಮಾಡುತ್ತಿದ್ದರು, ಆದ್ದರಿಂದ ಸಣ್ಣವನಿದ್ದಾಗಿಂದ ಇದನ್ನು ನೋಡಿದ್ದೇನೆ. ಕಳ್ಳಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಮಡಕೆಯಲ್ಲಿ ಇರುವುದೇ ಸಾಕು. ಬೆಳಿಗ್ಗೆ ಸಿಹಿ, ಸಂಜೆಗೆ ಖಡಕ್, ಮರುದಿನಕ್ಕೆ ಹುಳಿ. ಬೆಲ್ಲಕ್ಕೆ ರಸ ಬೇಕಾದರೆ ಮಡಕೆಯ ಒಳಗೆ ಸುಣ್ಣ ಬಳಿಯುತ್ತಿದ್ದರು, ಆಗ ಹುದುಗುವುದಿಲ್ಲ. ನಮ್ಮ ಕೂಡ್ಲಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯವರು ಕಲ್ಪರಸಕ್ಕೆ (ಹುದುಗದ ಸಿಹಿ ತೆಂಗಿನ ರಸ) ಮರದ ಮೇಲೆಯೇ ಐಸ್ ಪೆಟ್ಟಿಗೆ ಕಟ್ಟುವುದೂ ಅದಕ್ಕೇ. ತಂಪು ಬಿಟ್ಟರೆ ಹುದುಗು ಶುರು. ಈ ಸೆಕೆಯಲ್ಲಿ 23 ಲೀಟರ್ ಸಿಹಿ ಪಾಕ ತೆರೆದಿಟ್ಟರೆ ನಿನ್ನ ಪ್ಯಾಕೆಟಿನ ಯೀಸ್ಟಿಗಿಂತ ಮೊದಲು ಊರಿನ ಯೀಸ್ಟೇ ಹತ್ತಿಕೊಂಡೀತು.

ಬದಿಯಡ್ಕ ಅಕ್ಕ

ಬಿಯರ್ ವಿಷಯ ನನಗೆ ಗೊತ್ತಿಲ್ಲ. ಡಬ್ಬದಲ್ಲಿರುವುದು ಬಾರ್ಲಿ ಮಾಲ್ಟ್ ಅಲ್ವಾ? ಸುಮ್ನೆ ಹಾಳು ಮಾಡುವ ಬದಲು ಮಕ್ಕಳಿಗೆ ಹಾಲಿಗೆ ಹಾಕಿ ಕೊಡಬಹುದಾ?

ನೀರ್ಚಾಲು ತೋಟ

ಬೇಡ ಅಕ್ಕಾ. ಕಿಟ್‌ನ ಪಾಕಕ್ಕೆ ಹಾಪ್ಸ್ ಅನ್ನುವ ಕಹಿ ಹೂವಿನ ಸಾರ ಸೇರಿಸಿರುತ್ತಾರೆ. ಬಾಯಿಗಿಟ್ಟರೆ ಮೊದಲು ಸಿಹಿ, ಹಿಂದೆಯೇ ಹಾಗಲಕಾಯಿಯ ಹಾಗೆ ಕಹಿ. ಮಕ್ಕಳು ಕುಡಿಯುವುದಿಲ್ಲ.

ಪೆರ್ಲದವ

ಅಣ್ಣಾ, ತುಂಬಾ ಉಪಕಾರವಾಯಿತು. ಕಾನೂನು ಇಷ್ಟು ಬಿಗಿ ಅಂತ ನಿಜವಾಗಿ ಗೊತ್ತಿರಲಿಲ್ಲ. ಅಮ್ಮನಿಗೆ ಹೇಳಿದೆ, ಡಬ್ಬ ತೆರೆಯುವುದಿಲ್ಲ ಅಂತ. ನಳ್ಳಿ ನಾನು ಒಮ್ಮೆಯೂ ಕಳಚಿರಲಿಲ್ಲ. ಅಲ್ಲಿರುವ ಗೆಳೆಯನಿಗೆ ಹೇಳಿ ಕಳಚಿಸಿ ಫೋಟೋ ತರಿಸಿದೆ. ನೀವು ಹೇಳಿದ ಅದೇ ಕಂದು ಲೋಳೆ.

ಜೂನ್‌ನಲ್ಲಿ ವಾಪಸ್ ಹೋಗುವಾಗ ಅಲ್ಲಿ ಮತ್ತೆ ಚಳಿ. ಬಕೆಟ್ ಎಲ್ಲಿ ಇಡಲಿ?

ನೀರ್ಚಾಲು ತೋಟ

ಮನೆಯೊಳಗೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿ. ಹಳೆ ಕಂಬಳಿ ಸುತ್ತು. ಹೀಟರ್ ಹತ್ತಿರ ಬೇಡ, ರಾತ್ರಿ ಹಗಲು ಏರಿಳಿದರೆ ಯೀಸ್ಟಿಗೆ ಆಗುವುದಿಲ್ಲ. ಬಕೆಟಿನ ಹೊರಗೆ ಅಂಟಿಸುವ ಥರ್ಮಾಮೀಟರ್ ಪಟ್ಟಿ ಸಿಗುತ್ತದೆ, ಅದನ್ನು ಅಂಟಿಸು. ಎರಡು ವಾರ ಮುಚ್ಚಳ ತೆರೆಯಬೇಡ.

ಮತ್ತೆ, ಹೈಡ್ರೋಮೀಟರ್ ತೆಳು ಗಾಜಿನದು. ಸಿಂಕಿನಲ್ಲಿ ತೊಳೆಯುವಾಗಲೇ ಹೋಗುತ್ತದೆ. ಎರಡು ತಗೋ.