ಕಿಟಕಿ ತೆಗೆದರೆ ಬರೀ ಗೋಡೆ: ಹಸಿರಿನ ಹತ್ತಿರ ಇದ್ದರೆ ನಿಜವಾಗಿ ಆರೋಗ್ಯ ಸುಧಾರಿಸುತ್ತದಾ?

ಮಡಿವಾಳ ಫಸ್ಟ್ ಫ್ಲೋರ್:
ಎಲ್ಲರಿಗೂ ನಮಸ್ಕಾರ. ಮಡಿವಾಳದಲ್ಲಿ ಒಂದು ರೂಮಿನ ಮನೆ, ಎರಡು ವರ್ಷದಿಂದ ಮನೆಯಿಂದಲೇ ಕೆಲಸ. ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗಿನ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡೇ ಕೂರಬೇಕು. ಆರು ತಿಂಗಳಿಂದ ರಾತ್ರಿ ಎರಡಾದರೂ ನಿದ್ದೆ ಇಲ್ಲ. ಬೆಳಗ್ಗೆ ತಲೆ ಭಾರ, ಸಣ್ಣದಕ್ಕೆಲ್ಲ ಸಿಡುಕು. ರಕ್ತ ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್. ಡಾಕ್ಟರ್ "ಮರಗಿಡ ಇರುವ ಕಡೆ ಸ್ವಲ್ಪ ಓಡಾಡಿ" ಅಂದರು. ಅದಕ್ಕೆ ಎರಡು ಭಾನುವಾರ ನಂದಿಬೆಟ್ಟಕ್ಕೆ ಹೋದೆ. ನಾಲ್ಕು ಗಂಟೆಗೆ ಎದ್ದು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಜನಜಂಗುಳಿಯಲ್ಲಿ ನಿಂತು ವಾಪಸ್ ಬಂದು ಮಧ್ಯಾಹ್ನವೆಲ್ಲ ಮಲಗಿದೆ, ಸೋಮವಾರ ಮತ್ತೆ ಹಾಗೇ. ಹಸಿರಿನಿಂದ ಆರೋಗ್ಯ ಅನ್ನುವುದು ಎಷ್ಟು ನಿಜ? ಯಾರಿಗಾದರೂ ಉಪಯೋಗ ಆಗಿದೆಯಾ?

ವಾರ್ಡ್ ಸಿಸ್ಟರ್:
ನಿಮ್ಮ ಗೋಡೆಯ ವಿಷಯ ಓದಿ ನರ್ಸಿಂಗ್ ಓದುವಾಗ ಕಲಿತದ್ದು ನೆನಪಾಯಿತು. 1984ರಲ್ಲಿ ರೋಜರ್ ಉಲ್ರಿಚ್ ಎಂಬುವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬರೆದರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆ, ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದವರ ಕಿಟಕಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು. ಸಣ್ಣ ಅಧ್ಯಯನ, ಒಂದೇ ಆಸ್ಪತ್ರೆ, ಅದು ಸರಿ. ಆದರೆ ನಮ್ಮ ವಾರ್ಡಿನಲ್ಲೂ ಕಿಟಕಿ ಪಕ್ಕದ ಬೆಡ್ ಕೇಳದವರೇ ಇಲ್ಲ.

ನಿಮ್ಮ ನಿದ್ದೆಗೆ ಮಾತ್ರ ಬೆಳಕೇ ದೊಡ್ಡ ಕಾರಣ ಇರಬಹುದು. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಮನೆಯ ಟ್ಯೂಬ್‌ಲೈಟ್ ಕೊಡುವುದು ಕೆಲವು ನೂರು ಲಕ್ಸ್. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಬೆಳಗ್ಗೆ ಕಣ್ಣಿಗೆ ಆ ಬೆಳಕು ಬಿದ್ದರೆ ದೇಹಕ್ಕೆ ಹಗಲು ಶುರುವಾಯಿತು ಅಂತ ಗೊತ್ತಾಗುತ್ತದೆ, ರಾತ್ರಿ ಸರಿಯಾದ ಹೊತ್ತಿಗೆ ನಿದ್ದೆ ಬರುವುದೂ ಅದರಿಂದಲೇ. ನೀವು ದಿನವಿಡೀ ಮಬ್ಬಿನಲ್ಲಿ ಕೂತು ರಾತ್ರಿ ಫೋನ್ ನೋಡಿದರೆ ದೇಹಕ್ಕೆ ಹಗಲು ಯಾವುದು ರಾತ್ರಿ ಯಾವುದು ಅಂತ ಹೇಗೆ ತಿಳಿಯಬೇಕು, ಹೇಳಿ?

ಕೆರೆ ಏರಿ:
ಮಡಿವಾಳದಲ್ಲಿ ಇದ್ದುಕೊಂಡು ನಂದಿಬೆಟ್ಟಕ್ಕೆ ಯಾಕೆ ಹೋಗುತ್ತೀರಿ? ಪಕ್ಕದಲ್ಲೇ ಮಡಿವಾಳ ಕೆರೆ ಇದೆ, ಆ ಕಡೆ ಹೋದರೆ ಅಗರ ಕೆರೆ ಇದೆ. 2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ನೋಡಿದಾಗ, ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರಲ್ಲಿ ಆರೋಗ್ಯ ಚೆನ್ನಾಗಿದೆ, ನೆಮ್ಮದಿ ಇದೆ ಅಂದವರು ಜಾಸ್ತಿ ಇದ್ದರು. ಒಂದೇ ಸಲ ಹೋಗಿ ಎರಡು ಗಂಟೆ ಇದ್ದರೂ ಅಷ್ಟೇ, ಬಿಡಿಬಿಡಿಯಾಗಿ ಹೋದರೂ ಅಷ್ಟೇ. ಅಂದರೆ ದಿನಕ್ಕೆ 20 ನಿಮಿಷ ಸಾಕು. ಹೋದಾಗ ಇಯರ್‌ಫೋನ್ ಬೇಡ. ಸುಮ್ನೆ ಒಂದು ಕಡೆ ಕೂತು ಹೆಜ್ಜಾರ್ಲೆ ಹಕ್ಕಿ (ಪೆಲಿಕನ್) ನೀರಿಗೆ ಇಳಿಯುವುದನ್ನು ನೋಡಿ.

ಜಯನಗರ ಅಜ್ಜ:
ಇಬ್ಬರೂ ಚೆನ್ನಾಗಿ ಹೇಳಿದ್ದೀರಿ. ಆದರೆ ನಿಮಿಷ ಲೆಕ್ಕ ಹಾಕಿಕೊಂಡು ಹೋದರೆ ಅದೂ ಒಂದು ಆಫೀಸ್ ಕೆಲಸ ಆಗಿಬಿಡುತ್ತದೆ ಮಗಳೇ, ಸ್ವಲ್ಪ ಜೋಪಾನ. ನಾನು ನಲವತ್ತು ವರ್ಷದಿಂದ ಹಾಲು ತರಲು ಮರ ಇರುವ ರಸ್ತೆಯಲ್ಲೇ ಹೋಗುತ್ತೇನೆ, ಸ್ವಲ್ಪ ಸುತ್ತಾದರೂ ಸರಿ. ಹೊಂಗೆ ಹೂ ಬಿದ್ದಾಗ ನೆಲ ಪೂರ್ತಿ ಅಕ್ಕಿ ಚೆಲ್ಲಿದ ಹಾಗೆ ಇರುತ್ತದೆ. ನಮ್ಮ ಊರಿನ ರಸ್ತೆ ಮರಗಳ ಬಗ್ಗೆಯೇ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಯವರು 2013ರಲ್ಲಿ ಬರೆದಿದ್ದಾರೆ. ಮರ ಇರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ ತಂಪು, ಡಾಂಬರಿನ ಬಿಸಿಯಂತೂ 27.5 ಡಿಗ್ರಿವರೆಗೂ ಕಡಿಮೆ ಇತ್ತಂತೆ. ಬಿಪಿ ಇರುವ ನನ್ನಂಥವರಿಗೆ ಏಪ್ರಿಲ್ ತಿಂಗಳಲ್ಲಿ ಈ ವ್ಯತ್ಯಾಸ ಅಂಗಾಲಿಗೇ ಗೊತ್ತಾಗುತ್ತದೆ. ನಮ್ಮ ಬೀದಿಯಲ್ಲಿ ಎರಡು ಮರ ಕಡಿದ ಮೇಲೆ ಸಂಜೆ ಕಟ್ಟೆ ಮೇಲೆ ಕೂರುವವರೇ ಇಲ್ಲ. ನೆರಳು ಹೋಯಿತು, ಮಾತುಕತೆಯೂ ಹೋಯಿತು. ಆ ಸಂಕಟ ಇನ್ನೂ ಇದೆ.

ಮೀರಾ ಅಲ್ಲ:
ಒಂದು ಮಾತು ಸೇರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆರು ತಿಂಗಳು ನಿದ್ದೆ ಇಲ್ಲ, ಸಿಡುಕು ಅಂದರೆ ಬರೀ ಮರ ನೋಡಿ ಕಾಯಬೇಡಿ. ನಾನು ಹಾಗೆ ಕಾದು ಒಂದು ವರ್ಷ ಕಳೆದುಕೊಂಡೆ. ವಾಕಿಂಗ್‌ನಿಂದ ಸಹಾಯ ಆಯಿತು, ನಿಜ, ಆದರೆ ಔಷಧಿ ಮತ್ತು ಕೌನ್ಸೆಲಿಂಗ್ ಶುರುವಾದ ಮೇಲೆಯೇ ವಾಕಿಂಗ್‌ಗೆ ಎದ್ದು ಹೋಗುವ ಶಕ್ತಿ ಬಂದದ್ದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡು ಗಂಟೆಗೂ ಮಾಡಬಹುದು. ಎರಡೂ ಒಟ್ಟಿಗೆ ನಡೆಯಲಿ.

ಮಡಿವಾಳ ಫಸ್ಟ್ ಫ್ಲೋರ್:
ಮೂರು ವಾರ ಆಯಿತು, ಹೇಳೋಣ ಅಂತ ಬಂದೆ. 14416ಕ್ಕೆ ಫೋನ್ ಮಾಡಿದೆ, ಮುಂದಿನ ವಾರ ಒಬ್ಬರನ್ನು ನೋಡಲು ಹೋಗುತ್ತಿದ್ದೇನೆ. ಬೆಳಗ್ಗೆ ಏಳಕ್ಕೆ ಕೆರೆ ಕಡೆ ಹೋಗುತ್ತೇನೆ, ವಾರಕ್ಕೆ ನಾಲ್ಕೈದು ದಿನ ಆಗುತ್ತದೆ. ನಿದ್ದೆ ಪೂರ್ತಿ ಸರಿಯಾಗಿಲ್ಲ. ಆದರೆ ಈಗ ಹನ್ನೆರಡೂವರೆಗೆ ಕಣ್ಣು ಎಳೆಯುತ್ತದೆ, ನನಗೆ ಅದೇ ದೊಡ್ಡದು. ಅಜ್ಜ ಹೇಳಿದ ಹಾಗೆ ತರಕಾರಿಗೂ ಮರ ಇರುವ ರಸ್ತೆಯಲ್ಲೇ ಹೋಗುತ್ತೇನೆ. ಗೋಡೆ ಕಡೆಯಿಂದ ಟೇಬಲ್ ತಿರುಗಿಸಿ ಬಾಗಿಲ ಹತ್ತಿರ ಹಾಕಿದ್ದೇನೆ, ಎರಡು ದೊಡ್ಡಪತ್ರೆ ಕುಂಡವೂ ಬಂದಿದೆ.

ಒಂದು ಪ್ರಶ್ನೆ. ಕೆರೆಯಲ್ಲಿ ಒಂದು ಕಪ್ಪು ಹಕ್ಕಿ ನೀರಿನಿಂದ ಎದ್ದು ಬಂದು ಎರಡೂ ರೆಕ್ಕೆ ಬಿಚ್ಚಿ ಅಲ್ಲಾಡದೆ ನಿಂತಿರುತ್ತದೆ. ಅದಕ್ಕೆ ಏನಾದರೂ ಆಗಿದೆಯಾ?

ಕೆರೆ ಏರಿ:
ಏನೂ ಆಗಿಲ್ಲ, ಅದು ನೀರುಕಾಗೆ! ಅದರ ರೆಕ್ಕೆಗೆ ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಮುಳುಗಿ ಮೀನು ಹಿಡಿಯುವುದು ಸುಲಭ. ಆಮೇಲೆ ಬಿಸಿಲಿಗೆ ಹೀಗೆ ಒಣಗಿಸಿಕೊಳ್ಳುತ್ತದೆ. ನಾಳೆ ಸ್ವಲ್ಪ ಹೊತ್ತು ಕಾದು ನೋಡಿ, ಮತ್ತೆ ಮುಳುಗುತ್ತದೆ.